ಪೆಸ್ಟ್ ಎಂದು ಬರೆದುಕೊಟ್ಟವನು ನಾನೇ

ಕಳೆದ ಶುಕ್ರವಾರ ನಮ್ಮ ಮನೆಯಲ್ಲಿ ಒಂದು ಕುಟುಂಬ ಸತ್ತಿತು. ಗಾಬರಿಯಾಗಬೇಡಿ. ನಮ್ಮ ಕೊಪ್ಪದಲ್ಲಿ ಯಾರೂ ತೀರಿಕೊಂಡಿಲ್ಲ.

ಸತ್ತದ್ದು ತುಡುವೆ ಜೇನು. ಒಂದು ಗೂಡಿನ ಜೇನನ್ನು ಸಾಕುವವರು ‘ಕುಟುಂಬ’ ಎಂದೇ ಕರೆಯುತ್ತಾರೆ. ಜಗಲಿಯ ಹಳೇ ಮೀಟರ್ ಬಾಕ್ಸಿನೊಳಗೆ ಎರಡು ತಿಂಗಳಿಂದ ಇದ್ದವು. ಶೆಟ್ಟಿಕೊಪ್ಪದ ಪ್ರಭಾಕರಣ್ಣನಿಗೆ ಫೋನ್ ಮಾಡಿ ಹೇಳಿದ್ದೆ. ಜೇನು ಸಾಕುತ್ತಿದ್ದವರು, ರೋಗ ಬಂದು ಅವರ ಪೆಟ್ಟಿಗೆಗಳೆಲ್ಲ ಒಂದರ ಹಿಂದೊಂದು ಖಾಲಿಯಾಗಿವೆ.

“ಮುಟ್ಬೇಡಿ ಮಾರಾಯ್ರೆ. ಭಾನುವಾರ ಪೆಟ್ಟಿಗೆ ತಗೊಂಡು ಬರ್ತೀನಿ. ಮತ್ತೆ ಶುರು ಮಾಡ್ಲಿಕ್ಕೆ ಒಂದು ಕುಟುಂಬ ಸಿಕ್ಕಿದ್ರೆ ಸಾಕು ನಂಗೆ.”

ಇಷ್ಟರಲ್ಲಿ ಅಡುಗೆಮನೆಯ ಜಿರಲೆ ಕಾಟಕ್ಕೆ ಪೆಸ್ಟ್ ಕಂಟ್ರೋಲ್‌ನವರಿಗೆ ಹೇಳಿದೆ. ಮೊಬೈಲಿಗೆ ಇಂಗ್ಲಿಷ್ ಫಾರಂ ಬಂತು: ಮನೆಯಲ್ಲಿರುವ ಪೆಸ್ಟ್‌ಗಳನ್ನು ನಮೂದಿಸಿ. ಜಿರಲೆ ಎಂದು ಬರೆದೆ. ‘ಇತರೆ’ ಎಂಬಲ್ಲಿ ಜೇನು ಎಂದೂ ಬರೆದೆ. (ಫಾರಂ ಕಂಡರೆ ಪರೀಕ್ಷೆಗೆ ಕೂತವನ ಹಾಗೆ ಗೊತ್ತಿದ್ದನ್ನೆಲ್ಲ ತುಂಬುವ ಚಟ ನನ್ನದು.)

ಶುಕ್ರವಾರ ಬಂದ ಆಸಾಮಿ ಅಡುಗೆಮನೆ ಮುಗಿಸಿ ಮೀಟರ್ ಬಾಕ್ಸಿಗೂ ಔಷಧಿ ಹೊಡೆದ. ನಾನು ಓಡಿಬಂದು ತಡೆಯಲು ನೋಡಿದೆ ಎಂದು ಹೆಂಡತಿಗೆ ಹೇಳಿದ್ದೇನೆ. ನಿಜವೇ? ನೆನಪಿನಲ್ಲಿ ನಾನು ಓಡುತ್ತಿದ್ದೇನೆ. ಮೊಬೈಲಿನ ಕಾಲ್ ಲಿಸ್ಟ್ ಪ್ರಕಾರ ಆಗ ಯಾರೊಂದಿಗೋ ಹರಟುತ್ತಿದ್ದೆ. ಓಡಿದ್ದು ಆಮೇಲೆ.

“ಎಂತ ಮಾಡಿದ್ಯೋ!”

“ಲಿಸ್ಟಲ್ಲಿತ್ತಲ್ಲ ಸರ್. ನೀವೇ ಬರ್ದಿದ್ದು.”

ಸಿಟ್ಟಿಗೆ ಡಿಕ್ಷನರಿ ತೆಗೆದೆ. ಪೆಸ್ಟ್ ಎಂದರೆ ಮೂಲ ಲ್ಯಾಟಿನ್‌ನಲ್ಲಿ ಪ್ಲೇಗು, ಮಾರಿ. ಲಾರ್ವಾ ಎಂದರೆ ದೆವ್ವ, ಮುಖವಾಡ. ಬಗ್ ಎಂಬ ಶಬ್ದಕ್ಕೂ ಹಿಂದೊಮ್ಮೆ ಭೂತವೆಂದೇ ಅರ್ಥವಿತ್ತಂತೆ. ಅದು ಹೇಗೆ ಹುಳವಾಯಿತೆಂದು ಪಂಡಿತರಿಗೂ ಖಚಿತವಿಲ್ಲ. ಪೀಡೆಯ ಪ್ರಾಣಿಗಳಿಗೆಲ್ಲ ಹೇಳುವ ವರ್ಮಿನ್ ಎಂಬ ಶಬ್ದ ಹುಟ್ಟಿದ್ದು ಬಡಪಾಯಿ ಎರೆಹುಳದಂಥ ಹುಳದ ಹೆಸರಿನಿಂದ. ಈಗ ಅದರಲ್ಲಿ ಇಲಿಯೂ ಸೇರಿದೆ, ನರಿಯೂ ಸೇರಿದೆ.

ಇವೇನು ಪ್ರಾಣಿಗಳ ಹೆಸರುಗಳೇ? ಹೆದರಿದವರು ತಮ್ಮ ಹೆದರಿಕೆಗೆ ಇಟ್ಟುಕೊಂಡ ಹೆಸರುಗಳು. ಅವನ್ನು ನಾವೇಕೆ ತಲೆಮೇಲೆ ಹೊತ್ತು ತಂದೆವು? ನಮ್ಮ ಹಿರಿಯರೇನು ಸಂತರಲ್ಲ. ಅವರು ಹೆಜ್ಜೇನಿಗೆ ಬೆಂಕಿ ಹಿಡಿದದ್ದನ್ನು ಕಂಡಿದ್ದೇನೆ. ಆದರೆ ಅದು ಹೆಜ್ಜೇನು ಎಂದು ತಿಳಿದು ಹಿಡಿದರು. ಈಗ ಶೃಂಗೇರಿಗೆ ಹೋಗಿ, ಎನ್.ಆರ್.ಪುರಕ್ಕೆ ಹೋಗಿ, ಅಂಗಡಿಯಲ್ಲಿ “ಪೆಸ್ಟಿಗೆ ಎಂತ ಇದೆ?” ಅಂದರೆ ಬಾಟಲಿ ಕೈಗೆ ಬರುತ್ತದೆ. ಯಾವ ಹುಳ ಎಂದು ಕೇಳುವವರಿಲ್ಲ. ಹೇಳುವವರೂ ಇಲ್ಲ.

ಭಾನುವಾರ ಪ್ರಭಾಕರಣ್ಣ ಬಸ್ಸಿನಲ್ಲಿ ಪೆಟ್ಟಿಗೆ ಹಿಡಿದುಕೊಂಡು ಬಂದರು. ಒಳಗೆಲ್ಲ ಮೇಣ ಸವರಿ ತಂದಿದ್ದರು. (ಫೋನ್ ಮಾಡಿ ವಿಷಯ ಹೇಳುವ ಧೈರ್ಯ ನನಗಾಗಿರಲಿಲ್ಲ.) ಮೀಟರ್ ಬಾಕ್ಸಿನ ಬಾಗಿಲು ತೆಗೆದು, ಬಿದ್ದ ಹುಳಗಳನ್ನು ಬೆರಳಲ್ಲಿ ಸರಿಸಿ ನೋಡಿದರು.

“ರೋಗ ತಡ್ಕೊಂಡು ಉಳಿದದ್ದು ಇದು. ನಿಮ್ಮನ್ನ ತಡ್ಕೊಳ್ಲಿಕ್ಕೆ ಆಗ್ಲಿಲ್ಲ ನೋಡಿ.”

ನಾನು ಕಂಪನಿ, ಫಾರಂ, ಲ್ಯಾಟಿನ್ ಎಂದೆಲ್ಲ ಶುರು ಮಾಡಿದೆ. ಅವರು ಖಾಲಿ ಪೆಟ್ಟಿಗೆಯನ್ನು ಕಂಕುಳಿಗೇರಿಸಿಕೊಂಡರು.

“ಅದೆಲ್ಲ ಇರ್ಲಿ. ಅವು ನಿಮಗೆಂತ ಮಾಡಿದ್ವು?”

ಅದೇ ಫಾರಂನಲ್ಲಿ ಆ ಪ್ರಶ್ನೆಯೂ ಇತ್ತು: ‘ಆಗಿರುವ ತೊಂದರೆ?’ ಜಿರಲೆಗೆ ಮೂರು ಸಾಲು ಬರೆದಿದ್ದೆ. ಜೇನಿನ ಮುಂದಿನ ಜಾಗ ಖಾಲಿ ಬಿಟ್ಟಿದ್ದೆ.