ಖುರ್ಷಿದಾ ಬೇಗಂ ನಿಲ್ಲಿಸಿದ ಕಬ್ಬಿಣದ ನರಸಯ್ಯ

ಹಿರೇಹಳ್ಳಿಯಲ್ಲಿ ವೆಲ್ಡಿಂಗ್ ಶೆಡ್ ನಡೆಸುತ್ತಿದ್ದ ಹೆಂಗಸು ಖುರ್ಷಿದಾ ಬೇಗಂ ಒಬ್ಬರೇ. ಗಂಡ ಇಸಾಕ್ ಸಾಬ್ ತೀರಿಕೊಂಡಾಗ ಶೆಡ್ ಮಾರು ಅಂದವರ ಮಾತು ಕಿವಿಗೆ ಹಾಕಿಕೊಳ್ಳದೆ, ಸೆರಗು ಬಿಗಿದು ವೆಲ್ಡಿಂಗ್ ಹೋಲ್ಡರ್ ಹಿಡಿದರು. ಹೊಟ್ಟೆಪಾಡಿಗೆ ಗೇಟು, ಕಿಟಕಿ ಗ್ರಿಲ್ಲು. ಕೈ ಬಿಡುವಾದಾಗ ಗುಜರಿ ಕಬ್ಬಿಣ ಕೂಡಿಸಿ ಎತ್ತು, ಕೊಕ್ಕರೆ, ಹೊರೆ ಹೊತ್ತ ಹೆಂಗಸು, ಹೀಗೆ ಪ್ರತಿಮೆಗಳು. ಕೊಳ್ಳುವವರಿರಲಿಲ್ಲ. ಆಕೆ ಮಾಡುವುದನ್ನು ನಿಲ್ಲಿಸಲೂ ಇಲ್ಲ.

1998ರಲ್ಲಿ ಶೆಡ್ಡಿನ ಪಕ್ಕದ, ನಾವು ದುಡಿಯುತ್ತಿದ್ದ ಕಾರ್ಖಾನೆಯ ಪ್ರೆಸ್ ಯಂತ್ರಕ್ಕೆ ಸಿಕ್ಕಿ ನಮ್ಮ ಜೊತೆಗಾರ ನರಸಯ್ಯ ಸತ್ತ. ಅವನು ನಮ್ಮ ಕೆಲಸಗಾರನೇ ಅಲ್ಲ ಎಂದುಬಿಟ್ಟ ಮ್ಯಾನೇಜರು. ನಾವೆಲ್ಲ ಗೇಟಿನ ಮುಂದೆ ಧರಣಿ ಕೂತೆವು. ಖುರ್ಷಿದಾ ಬೇಗಂ ಅದೇ ಕಾರ್ಖಾನೆಯ ಗುಜರಿಯಿಂದ ಆಳೆತ್ತರದ ನರಸಯ್ಯನನ್ನು ಮಾಡಿ, ಗೇಟಿನ ಪಕ್ಕ ಕಾಂಕ್ರೀಟಿನಲ್ಲಿ ಪಾದ ಹೂತು ನಿಲ್ಲಿಸಿದರು. ಮುಖವಿರಲಿಲ್ಲ.

"ಮುಖ ಮಾಡೋದು ಅಲ್ಲಾನ ಕೆಲ್ಸ ಕಣ್ರಪ್ಪ, ನಂದಲ್ಲ."

ಮುಖ ಬೇಕಾಗಿಯೂ ಇರಲಿಲ್ಲ. ಎಡಭುಜ ತಗ್ಗಿಸಿ ನಿಲ್ಲುವ ಅವನ ಭಂಗಿ ಇಡೀ ಕಾರ್ಖಾನೆಗೇ ಗೊತ್ತಿತ್ತು. ನಮ್ಮ ಕೆಲಸಗಾರನಲ್ಲ ಎಂದವನು ದಿನಾ ಅದರ ಮುಂದೆಯೇ ಕಾರಿಳಿಯಬೇಕಿತ್ತು.

ಒಂದು ಮಧ್ಯಾಹ್ನ ಪೊಲೀಸ್ ವ್ಯಾನು ಬಂತು. ಇನ್ಸ್‌ಪೆಕ್ಟರ್ ಆಕೆಯನ್ನು ಕರೆಸಿದ.

"ಬೂಬಮ್ಮ, ನೀನೇ ಕತ್ತರಿಸಿ ತಗೊಂಡೋಗು. ಇಲ್ಲಾಂದ್ರೆ ಲಾರಿಗೆ ಕಟ್ಟಿ ಎಳೆಸ್ತೀನಿ, ಕುಲುಮೆಗೆ ಹೋಗುತ್ತೆ."

ಆಕೆ ಶೆಡ್ಡಿಗೆ ಹೋಗಿ ಗ್ಯಾಸ್ ಕಟರ್ ತಂದರು. ನಮ್ಮ ಬೆಟ್ಟಸ್ವಾಮಿ ಎದ್ದು ಕಿರುಚಿದ: "ಏನಕ್ಕಾ, ಅವ್ರಿಗೆ ಮಾರ್ಕೊಂಡ್ಬುಟ್ಯಾ?"

"ಸುಮ್ಕಿರ್ಲಾ. ಕಬ್ಬಿಣ ಬಾಯಲ್ಲೇ ಕತ್ತರ್ಸೋ ಹಾಗಿದ್ರೆ ನಿನ್ನೇ ಕರೀತಿದ್ದೆ."

ಲಾಠಿಗಳು ನಮ್ಮ ಕಡೆ ತಿರುಗಿದವು. ಆಕೆ ಕುಕ್ಕರಗಾಲಲ್ಲಿ ಕೂತು ಜ್ವಾಲೆಯನ್ನು ಪ್ರತಿಮೆಯ ಕಾಲಿನ ಗಿಣ್ಣಿಗೆ ಹಿಡಿದರು. ಕಿಡಿ ಪೊಲೀಸರ ಬೂಟುಗಳವರೆಗೆ ಹಾರಿತು. ಒಂದು ಕಾಲು, ಆಮೇಲೆ ಇನ್ನೊಂದು. ವಾಲಿದ ನರಸಯ್ಯನನ್ನು ಪೊಲೀಸರೇ ಹಿಡಿದು ಆಕೆಯ ತಳ್ಳುಗಾಡಿಗೆ ಹಾಕಿದರು. ಪಾದಗಳೆರಡೂ ಕಾಂಕ್ರೀಟಿನಲ್ಲೇ ನಿಂತಿದ್ದವು.

"ಅದು?" ಎಂದು ಪಾದಗಳತ್ತ ಕೈ ಮಾಡಿದ, ಗೇಟಿನೊಳಗಿಂದ ಬಂದ ಮ್ಯಾನೇಜರು.

"ಗ್ಯಾಸ್ ಮುಗೀತು ಸಾರ್."

"ನಮ್ದೇ ಸಿಲಿಂಡರ್ ಕೊಡ್ತೀನಿ."

"ನಂಗೆ ಬೆನ್ನು ಹಿಡ್ಕೊಂತು. ನಿಮ್ಮ ವೆಲ್ಡರ್‌ಗಳು ಅಲ್ಲೇ ಕೂತವ್ರಲ್ಲ, ಕರೀರಿ."

ಮ್ಯಾನೇಜರು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದ. ಧರಣಿಯಿಂದ ಯಾರೂ ಏಳಲಿಲ್ಲ. ಎದ್ದು ನಿಂತಿದ್ದ ಬೆಟ್ಟಸ್ವಾಮಿಯೂ ಮತ್ತೆ ಕೂತ. ಇನ್ಸ್‌ಪೆಕ್ಟರ್ ಗಡಿಯಾರ ನೋಡಿ, "ಪ್ರತಿಮೆ ತೆಗೆಸಿ ಅಂತ ಆರ್ಡರ್ರು. ತೆಗೆಸಾಯ್ತು," ಎಂದು ವ್ಯಾನು ಹತ್ತಿದ.

ಖುರ್ಷಿದಾ ಬೇಗಂ 2006ರಲ್ಲಿ ತೀರಿಕೊಂಡರು. ಅಲ್ಲಿವರೆಗೂ ನರಸಯ್ಯ ಅವರ ಶೆಡ್ಡಿನ ಗೋಡೆಗೆ ಒರಗಿ ನಿಂತಿದ್ದ. ಹೊಸ ಪಾದ ಕೂರಿಸಿ ಎಂದವರಿಗೆಲ್ಲ ಒಂದೇ ಉತ್ತರ:

"ಯಾಕೆ? ಅವ್ನ ಪಾದ ಗೇಟತ್ರ ಐತಲ್ಲ."