ಗಿಡದ್ದು ತಾನೇ, ಮ್ಯಾಮ್

ಹ್ಯೂಸ್ಟನ್ನಿನ ಔಷಧಿ ಅಂಗಡಿಯೊಂದರಲ್ಲಿ ನಾನು ಫಾರ್ಮಸಿಸ್ಟ್. ಮೊನ್ನೆ ಖಿನ್ನತೆಯ ಮಾತ್ರೆ ಕೊಳ್ಳಲು ಬಂದ ಹಿಪ್ಪಿ ಯುವಕನೊಬ್ಬ, ಶನಿವಾರ ಆಸ್ಟಿನ್ನಿನಲ್ಲಿ ಅಯಾಹುವಾಸ್ಕ ಕುಡಿಯುತ್ತೇನೆಂದು ಸಂಭ್ರಮದಿಂದ ಹೇಳಿದ. ಅಮೆಜಾನ್ ಕಾಡಿನವರು ಬಳ್ಳಿ, ಎಲೆ ಕುದಿಸಿ ವಿಧಿಪೂರ್ವಕ ಕುಡಿಯುವ ಕಷಾಯ ಅದು.

"ಈ ಮಾತ್ರೆಯ ಜೊತೆ ಅದು ಸೇರಿದರೆ ಪ್ರಾಣಕ್ಕೇ ಅಪಾಯ," ಎಂದೆ.

"ಗಿಡದ್ದು ತಾನೇ, ಮ್ಯಾಮ್? ಕೆಮಿಕಲ್ ಅಲ್ಲವಲ್ಲ!"

"ಬೇಲಿ ಪಕ್ಕದ ದತ್ತೂರಿಯೂ ಗಿಡವೇ. ಕುಡೀತೀಯಾ?"

"ವಿಧಿ ಮಾಡಿಸೋಕೆ ಗುರು ಇರ್ತಾರೆ."

"ಕಾಡಿನ ವೈದ್ಯರು ವರ್ಷಗಟ್ಟಲೆ ಕಲಿತು, ಪಥ್ಯ ಮಾಡಿಸಿ ಕೊಡ್ತಾರಂತೆ. ನಿನ್ನ ಗುರು ಏನು ಕೇಳಿದ?"

"ನನ್ನ ರಾಶಿ ಕೇಳಿದರು."

ತಲೆ ಚಚ್ಚಿಕೊಳ್ಳುವಂತಾಯಿತು. ಅಂಗಡಿಯ ಫೋನನ್ನೇ ಅವನ ಮುಂದಕ್ಕೆ ತಳ್ಳಿ, "ಕುಡಿದವರ ಎದೆಬಡಿತ ಏರಿದರೆ ಏನು ಮಾಡ್ತೀರಿ ಅಂತ ನಿನ್ನ ಗುರುವನ್ನೇ ಕೇಳು," ಎಂದೆ. ಕೇಳಿದ. ಡಲ್ಲಾಸಿನಲ್ಲಿ ಹಳೇ ಕಾರು ಮಾರುವ ಆ ಗುರು, ತಾನೂ ಶನಿವಾರವೇ ಮೊದಲ ಸಲ ಕುಡಿಯುವುದು ಎಂದನಂತೆ.

ಯುವಕ ಬಿಳುಚಿಕೊಂಡು, ಬರುವುದಿಲ್ಲ ಎಂದು ಹೇಳಿ ಫೋನ್ ಇಟ್ಟ. ಅಷ್ಟಾಗಿಯೂ ಅವನ ಬೇಸರವೆಲ್ಲ ನನ್ನ ಮೇಲೆಯೇ. "ಯೋಗಿಗಳ ದೇಶದವರು ನೀವು, ಸ್ವಲ್ಪವಾದರೂ ನಂಬಿಕೆ ಬೇಡವಾ?" ಎಂದು ಗೊಣಗಿಕೊಂಡು ಹೊರಟ.

ಭಾರತದ ಆಧ್ಯಾತ್ಮಿಕ ಕೀರ್ತಿಗೆ ನನ್ನಿಂದ ಕಳಂಕ ಬಂತು. ಹುಡುಗನ ಎದೆಗೆ ಮಾತ್ರ ಏನೂ ಆಗಲಿಲ್ಲ.