ತಮ್ಮನ ಕಿವಿಯ ಬಾಂಗ್

ಇವತ್ತು ಚಿಕ್ಕೋಡಿಯ ಆಸ್ಪತ್ರೆಯಲ್ಲಿ ನನ್ನ ತಮ್ಮ ಆಗತಾನೇ ಹುಟ್ಟಿದ ತನ್ನ ಮೊಮ್ಮಗಳ ಬಲಗಿವಿಗೆ ಮೆಲ್ಲಗೆ ಬಾಂಗ್ ಹೇಳಿದ. ಅವನ ಅಂಗಿಯ ಅತ್ತರಿನ ವಾಸನೆ ನನ್ನನ್ನು ಜುಗೂಳದಲ್ಲಿದ್ದ ನಾನಾರ ಮನೆಗೆ ಎಳೆದೊಯ್ದಿತು.

ಅವ್ವನ ಅಪ್ಪ, ನಮ್ಮ ನಾನಾ, ಆಗಿನ್ನೂ ಚಿಕ್ಕವಳಾಗಿದ್ದ ನನಗೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ವಜೂ ಕಲಿಸುತ್ತಾ, "ಬಾಂಗ್ ಆತಂದ್ರ ನಮಾಜ್ ಆಗಾಕ ಬೇಕು" ಎನ್ನುತ್ತಿದ್ದರು. ತಮ್ಮ ಹುಟ್ಟಿದಾಗ ಅದೇ ನಾನಾ ಅವನ ಕಿವಿಯಲ್ಲಿ ಬಾಂಗ್ ಹೇಳಿ, ನಮಾಜು ಮಾಡದೆ ಎದ್ದುಬಿಟ್ಟರು.

"ಇದರ ನಮಾಜ್ ಯಾವಾಗ್ರಿ ನಾನಾ?" ಎಂದೆ.

"ಇದರದು ಮನಷ್ಯಾ ಸತ್ತ ಮ್ಯಾಲೆ, ಬೇಟಿ. ಆವಾಗ ಬ್ಯಾರೆ ಬಾಂಗ್ ಇರಂಗಿಲ್ಲ."

ಬಾಂಗ್ ಆದಮೇಲೆ ನಮಾಜು ತಡವಾದದ್ದನ್ನು ನಾನು ನೋಡಿಯೇ ಇರಲಿಲ್ಲ.

ಮಗುವಿನ ತಲೆಗೂದಲು ತೆಗೆಸುವ ಅಕೀಕಾಕ್ಕೆ ನೆಂಟರು ಬಂದರು. ಸಂಜೆಯ ಹೊತ್ತಿಗೆ ಗಂಡಸರು ಅಂಗಳದಲ್ಲಿ ಜಮಖಾನೆ ಹಾಸಿ ಸಾಲಾಗಿ ನಿಂತರು. ಅದನ್ನು ಕಂಡವಳೇ ತೊಟ್ಟಿಲಿನಿಂದ ತಮ್ಮನನ್ನು ಎತ್ತಿಕೊಂಡು ಜೋಳದ ಚೀಲಗಳ ಹಿಂದೆ ಅಡಗಿದೆ. ಅವನು ಅತ್ತರೆ ಕೇಳೀತೆಂದು ಬಾಯಿಗೆ ನನ್ನ ಬೆರಳು ಕೊಟ್ಟೆ. ಬೋಳುತಲೆ ನನ್ನ ಎದೆಗೆ ಬೆಚ್ಚಗೆ ಒತ್ತಿತ್ತು.

ನಾನಾ ಹುಡುಕಿಕೊಂಡು ಬಂದರು. "ಅದು ದಿನಾ ಮಾಡೋ ಅಸರ್ ನಮಾಜ್. ಇವಂದಕ್ಕ ಇನ್ನಾ ಭಾಳ ಹೊತ್ತೈತಿ."

"ಎಷ್ಟು?"

ನಾನಾ ನನ್ನ ಬೆರಳನ್ನು ತಮ್ಮನ ಬಾಯಿಂದ ಬಿಡಿಸಿ, ಅವನನ್ನು ತೊಟ್ಟಿಲಿಗೆ ಹಾಕಿದರು.

ಇವತ್ತು ಬಾಂಗ್ ಮುಗಿಸಿ ಕೂಸನ್ನು ನನಗೆ ಕೊಡಲು ಬಗ್ಗಿದಾಗ ತಮ್ಮನ ನರೆತ ಗಡ್ಡ ಕಂಡಿತು. ನನಗೆ ಅವನನ್ನೇ ಎತ್ತಿಕೊಂಡು ಎಲ್ಲಾದರೂ ಅಡಗಬೇಕೆನಿಸಿತು.